ತೊಟ್ಟಿಲ ಮುಂದಿನ ಗೋಡೆ

ನನ್ನ ನೆಗೆಣ್ಣಿಗೆ ಒಂದು ಗೆರೆಯನ್ನು ನೆಟ್ಟಗೆ ಎಳೆಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಅಂಗಳದಲ್ಲಿ ಐದು ಚುಕ್ಕಿಯ ರಂಗೋಲಿ ಹಾಕೆಂದರೆ ಆರನೆಯ ಚುಕ್ಕಿ ಎಲ್ಲಿಂದಲೋ ಬಂದು ಕೂತಿರುತ್ತದೆ. ಅವಳು ಬಡಿದು ಹಂಚಿಗೆ ಹಾಕಿದ ರೊಟ್ಟಿ ಯಾವತ್ತೂ ದುಂಡಗಿರುವುದಿಲ್ಲ. ಅಂಥವಳು ಮಾಡಿದ ಚಿತ್ರಗಳನ್ನು ಕಲಬುರಗಿಯಲ್ಲಿ ಬಿಳಿ ಗೋಡೆಗೆ ನೇತುಹಾಕಿ, ದೀಪ ಬಿಟ್ಟು, ಓದಿದ ಮಂದಿ ಕೈಕಟ್ಟಿ ನಿಂತು ನೋಡಿದರು. ನನಗೆ ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ. ಅದಕ್ಕೆ ಬೇರೆ ಚೆಂದದ ಹೆಸರಿಟ್ಟು ಕರೆಯುವ ಅಭ್ಯಾಸ ನನಗಿಲ್ಲ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡು ಬಹಳ ವರ್ಷವಾಯಿತು. ಮನೆಯೂ ಎರಡಾಗಿದೆ, ಒಲೆಯೂ ಎರಡಾಗಿದೆ. ಆದರೆ ಅಂಗಳ ಒಂದೇ, ಹಿತ್ತಲು ಒಂದೇ, ಹಿತ್ತಲ ಮೂಲೆಯ ತಿಪ್ಪೆಯೂ ಒಂದೇ. ಜೇವರ್ಗಿಯಿಂದ ನೆಲೋಗಿ ಕಡೆ ಹೋಗುವ ಬಸ್ಸು ನಮ್ಮೂರ ಹೆಬ್ಬಾಗಿಲಾದ ಅಗಸಿಯ ಮುಂದೆ ನಿಲ್ಲುತ್ತದೆ. ಇಳಿದು ಯಾರನ್ನಾದರೂ ಕೇಳಿದರೆ ಈಗ ನಮ್ಮ ಮನೆಯನ್ನು ತೋರಿಸುತ್ತಾರೆ. ಮೊದಲು ಹೀಗೆ ತೋರಿಸುತ್ತಿದ್ದುದು ನನ್ನ ರಂಗೋಲಿಯ ಗುರುತಿನ ಮೇಲೆ. ಈಗ ಅವಳ ಚಿತ್ರದ ಗುರುತಿನ ಮೇಲೆ.

ನಾನು ಆಳಂದದವಳು. ಹೈಸ್ಕೂಲಿನಲ್ಲಿ ನನ್ನ ಕೈ ಎಲ್ಲರ ಬಾಯಲ್ಲಿತ್ತು. ಗುಲಾಬಿ ಬರೆದರೆ ಮೂಸಿ ನೋಡುವ ಹಾಗೆ, ನವಿಲು ಬರೆದರೆ ಗರಿ ಎಣಿಸುವ ಹಾಗೆ. ಶಾಲೆ ಬಿಡುವ ವರ್ಷ ಡ್ರಾಯಿಂಗ್ ಸರ್ ನನ್ನನ್ನು ಕರೆದು ಒಂದು ತಗಡಿನ ಬಣ್ಣದ ಡಬ್ಬಿ ಕೊಟ್ಟರು. ಒಳಗೆ ಸಾಲಾಗಿ ಕೂರಿಸಿದ ಬಣ್ಣದ ಬಿಲ್ಲೆಗಳು, ನಡುವೆ ಒಂದು ಬ್ರಷ್ಷು. ಕಲಬುರಗಿಗೆ ಹೋಗಿ ಚಿತ್ರ ಕಲಿ ಎಂದರು. ಅಪ್ಪ ನಕ್ಕರು. ಆ ಬೇಸಿಗೆಯಲ್ಲೇ ನನ್ನ ಮದುವೆಯಾಯಿತು, ಡಬ್ಬಿ ನನ್ನ ಸಂದೂಕದಲ್ಲಿ ಸೀರೆಗಳ ಕೆಳಗೆ ಕೂತು ಈ ಊರಿಗೆ ಬಂತು. ನಾನು ಅದನ್ನು ಮುಟ್ಟಲಿಲ್ಲ. ಒಳ್ಳೆಯ ಬಣ್ಣ, ಒಳ್ಳೆಯ ದಿನಕ್ಕೆ ಇರಲಿ ಎಂದುಕೊಂಡೆ.

ಹಾಗೆಂದು ಕೈಕಟ್ಟಿ ಕೂತವಳಲ್ಲ ನಾನು. ನಮ್ಮ ಪಡಸಾಲೆಗೆ ಬಂದು ನೋಡಿ. ಬಾಗಿಲಿಗೆ ಮಣಿಯ ತೋರಣ, ಟಿ.ವಿ. ಮೇಲೆ ಉಲ್ಲನ್ನಿನ ಹೊದಿಕೆ, ಗೋಡೆಗೆ ಮಖಮಲ್ಲಿನ ಮೇಲೆ ಚಮಕಿ ಹಚ್ಚಿದ ಗಿಳಿಗಳು. ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿದ್ದೇನೆ, ಧೂಳು ಕೂರಬಾರದು. ನನ್ನಲ್ಲಿ ಯಾವುದೂ ಹಾಳಾಗುವುದಿಲ್ಲ. ಮಗಳು ಕೂಸಾಗಿದ್ದಾಗ ತಲೆಗೆ ಕಟ್ಟಿದ ಮೊದಲ ಕುಂಚಿಗೆ, ಹರಿದ ರಿಬ್ಬನ್ನು, ಒಡೆದ ಬಳೆಯ ಚೂರು, ಮದುವೆ ಕಾರ್ಡಿನ ಜರಿಯ ದಾರ, ಎಲ್ಲ ಸಂದೂಕದಲ್ಲಿವೆ. ಒಂದು ದಿನ ಬೇಕಾಗುತ್ತದೆ ಎಂದು ಇಡುತ್ತೇನೆ. ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ. ನನ್ನ ಗಂಡ ತಮಾಷೆ ಮಾಡುತ್ತಾರೆ, ನಾನು ಉಗುರು ಕತ್ತರಿಸಿದರೂ ಕಟ್ಟಿ ಇಡುತ್ತೇನಂತೆ.

ಅವಳು ನನಗೆ ಪೂರಾ ಉಲ್ಟಾ. ಅವಳ ಹುಚ್ಚು ಶುರುವಾದದ್ದು ಮಾಳಿಗೆ ಸೋರಿದ್ದರಿಂದ. ಒಂದು ಮಳೆಗಾಲ ಅವಳ ಪಾಲಿನ ಮಾಳಿಗೆ ಸೋರತೊಡಗಿತು. ರಸ್ತೆ ಅಗಲ ಮಾಡಿದವರು ಬಿಟ್ಟುಹೋದ ಡಾಂಬರಿನ ಗಡ್ಡೆ ಅಗಸಿಯ ಹತ್ತಿರ ಬಿದ್ದಿತ್ತು. ಯಾವನದೋ ಹುಟ್ಟುಹಬ್ಬದ ಫ್ಲೆಕ್ಸು ಕಂಬದಿಂದ ಹರಿದು ಜೋತಾಡುತ್ತಿತ್ತು. ನಮ್ಮ ಕಡೆ ಹಳೆಯ ಫ್ಲೆಕ್ಸಿಗೆ ಕೆಲಸ ಇದ್ದೇ ಇರುತ್ತದೆ, ತೊಗರಿ ರಾಶಿಗೆ ಮುಚ್ಚುತ್ತೇವೆ, ಜೋಳದ ಕಣಕಿಯ ಬಣವೆಗೆ ಹೊದಿಸುತ್ತೇವೆ. ಅವಳು ಅದನ್ನು ಮಾಳಿಗೆಯ ಮೇಲೆ ಬೋರಲು ಹಾಸಿ, ಡಾಂಬರು ಕಾಯಿಸಿ ತೇಪೆ ಹಾಕಿದಳು. ಸೋರುವುದು ನಿಂತಿತು. ಮಳೆಗಾಲವೂ ಮುಗಿಯಿತು. ಅವಳು ಮಾತ್ರ ಮಾಳಿಗೆ ಹತ್ತುವುದನ್ನು ನಿಲ್ಲಿಸಲಿಲ್ಲ.

ಏನು ಮಾಡುತ್ತಿದ್ದಾಳೆಂದು ಹತ್ತಿ ನೋಡಿದರೆ ಆ ತೇಪೆಯ ಮುಂದೆ ಕೂತಿದ್ದಾಳೆ. ಮೈಮೇಲೆ ಭಾವನ ಹಳೆಯ ಅಂಗಿ, ಸೀರೆಯ ಸೆರಗು ಸೊಂಟಕ್ಕೆ. ಕೈಯಲ್ಲಿ ಚೀಲ ಹೊಲಿಯುವ ದಬ್ಬಳ. ಸೈಕಲ್ಲಿನ ಟ್ಯೂಬು ಸೀಳಿ ಡಾಂಬರಿನ ಪಕ್ಕ ಹೊಲಿಯುತ್ತಿದ್ದಾಳೆ. ಅದರ ಮಗ್ಗುಲಿಗೆ ಬೆಳೆಗೆ ಎಣ್ಣೆ ಹೊಡೆಯುವ ಔಷಧದ ಬಾಟಲಿಯ ಕೆಂಪು ಮುಚ್ಚಳಗಳು, ಒಡೆದ ಪ್ಲಾಸ್ಟಿಕ್ ಕೊಡದ ಹೋಳು, ಗೊಬ್ಬರ ಚೀಲದ ನೂಲು. ಮೇಲೆ ಸುಣ್ಣ, ಟ್ರ್ಯಾಕ್ಟರಿನ ಸುಟ್ಟ ಎಣ್ಣೆ. ಹೂವಿಲ್ಲ, ಹಕ್ಕಿಯಿಲ್ಲ, ಮನುಷ್ಯರಿಲ್ಲ. ಕೋಳಿ ಅದರ ಮೇಲೆ ನಡೆದುಹೋದರೆ ಹೋಗಲಿ ಎಂದು ಬಿಟ್ಟಳು, ಕೋಳಿಯ ಕಾಲಿನ ಗುರುತು ಒಣಗಿ ಹಾಗೆಯೇ ಉಳಿಯಿತು. ಇದೇನು ಯಕ್ಕಾ ಎಂದು ಕೇಳಿದೆ.

"ಇದು ಮಂಗಳವಾರ," ಎಂದಳು. "ಅವತ್ತ ಮಧ್ಯಾನ ಭಾಳ ಝಳ ಇತ್ತು. ಅದಕ್ಕ ನಡುವ ಹಿಂಗ ಕರಗ್ಯಾದ."

ಅವಳ ಎಲ್ಲ ಚಿತ್ರಗಳಿಗೂ ಅವೇ ಹೆಸರು. ಇದು ಹೋದ ಸೋಮವಾರ, ಇದು ಎಳ್ಳಮಾಸಿ ಹಬ್ಬದ ಮರುದಿನ, ಇದು ಕರೆಂಟ್ ಹೋಗಿದ್ದ ಗುರುವಾರ. ಅಂಗಡಿಯಿಂದ ಒಂದು ಸಾಮಾನು ತರುವುದಿಲ್ಲ, ಯಾರ ಹತ್ತಿರವೂ ಬೇಡುವುದಿಲ್ಲ. ಬಿದ್ದದ್ದನ್ನು ಮಾತ್ರ ಎತ್ತುತ್ತಾಳೆ. ಬೆಳಿಗ್ಗೆ ಕಸ ಚೆಲ್ಲಲು ಹೋದವಳು ಬುಟ್ಟಿ ತುಂಬಿಕೊಂಡೇ ತಿರುಗಿ ಬರುತ್ತಿದ್ದಳು. ಮುಗಿದ ಚಿತ್ರದ ಮೇಲೆ ಕಾಲು ಚಾಚಿ ಕೂತು ರೊಟ್ಟಿ ತಿನ್ನುತ್ತಿದ್ದಳು. ಊರ ಹೆಂಗಸರು ಬಾವಿಕಟ್ಟೆಯಲ್ಲಿ ನನ್ನನ್ನು ಹಿಡಿದು, ನಿಮ್ಮಕ್ಕನ ತಲೆ ನೆಟ್ಟಗಿದೆಯೇ ಎಂದು ಕೇಳುತ್ತಿದ್ದರು. ನಾನು ಅವಳ ಪರವಾಗಿ ಜಗಳಕ್ಕೇ ನಿಲ್ಲುತ್ತಿದ್ದೆ. ನಿಜ ಹೇಳಬೇಕೆಂದರೆ ಆಗ ನನಗೆ ಅವಳ ಮೇಲೆ ಬಹಳ ಪ್ರೀತಿ. ಅವಳು ಹುಚ್ಚಿಯಾಗಿದ್ದಷ್ಟು ದಿನ ಮನೆಯಲ್ಲಿ ಚಿತ್ರ ಬರೆಯುವ ಕೈ ಎಂದರೆ ನನ್ನದೇ ಆಗಿತ್ತು.

ಆಮೇಲೆ ಆ ಮಾಸ್ತರರು ಬಂದರು. ಕಲಬುರಗಿಯ ಕಾಲೇಜೊಂದರಲ್ಲಿ ಚಿತ್ರಕಲೆ ಕಲಿಸುವವರು, ಕೊಳಕೂರಿನಲ್ಲಿ ಯಾರದೋ ಮದುವೆಗೆ ಹೊರಟವರು. ನಮ್ಮ ಮನೆಯ ಎದುರಿಗೇ ಅವರ ಕಾರು ಪಂಚರ್ ಆಗಬೇಕೇ! ಟೈರು ಬಿಚ್ಚುವ ತನಕ ನೆರಳಿಗೆ ನಿಂತವರು ಮಾಳಿಗೆಯ ಗೋಡೆಗೆ ಒಣಹಾಕಿದ್ದ ಫ್ಲೆಕ್ಸನ್ನು ನೋಡಿದರು. ನೋಡಿದವರು ಮದುವೆಯನ್ನೇ ಮರೆತರು. ಅಂಗಳದಲ್ಲಿ ಎಲ್ಲವನ್ನೂ ಹಾಸಿಸಿದರು, ಬಗ್ಗಿ ನೋಡಿದರು, ಕುಕ್ಕರಗಾಲಲ್ಲಿ ಕೂತು ನೋಡಿದರು, ದೂರ ಹೋಗಿ ಕಣ್ಣು ಸಣ್ಣ ಮಾಡಿ ನೋಡಿದರು. ಇವಳು ಬಾಯಿ ಬಿಟ್ಟರೆ ಕೇಳಿ, ಅದು ಶುಕ್ರವಾರ, ಇದು ಸಂತೆಯ ದಿನ, ಅಷ್ಟೇ.

ನಾನು ಅವರನ್ನು ಒಳಗೆ ಕರೆದೆ. ಚಹಾ ಮಾಡಿದೆ. ಗಿಳಿಗಳ ಮೇಲಿನ ಪ್ಲಾಸ್ಟಿಕ್ ತೆಗೆದು ಒರೆಸಿ, ಅವು ಎದುರಿಗೆ ಕಾಣುವ ಕುರ್ಚಿಯಲ್ಲಿ ಅವರನ್ನು ಕೂರಿಸಿದೆ. ಅವರು ಒಮ್ಮೆ ಗೋಡೆ ನೋಡಿದರು. ಭಾಳ ನೀಟ್ ಅದ ರೀ ಎಂದರು. ಆಮೇಲೆ ಕುಡಿಯಲು ಒಂದು ಲೋಟ ನೀರು ಕೇಳಿದರು. ನೀಟ್! ಪಾತ್ರೆ ತೊಳೆದಿಟ್ಟರೆ ಹೇಳುವ ಮಾತು ಅದು.

ಕಲಬುರಗಿಗೆ ಚಿತ್ರಗಳು ಹೋದವು, ಅವಳೂ ಹೋದಳು, ನಾವೂ ಹೋದೆವು. ಅಲ್ಲಿ ಕೈಕಟ್ಟಿ ನಿಂತ ಮಂದಿಯ ನಡುವೆ ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನೆಲ ಎಷ್ಟು ತಣ್ಣಗಿದೆ ಎಂದು ಸಂತೋಷಪಡುತ್ತಿದ್ದಳು. ಅವಳಿಗೆ ಜಂಬ ಬಂದಿದ್ದರೆ ನನ್ನ ಹೊಟ್ಟೆ ಒಂದಿಷ್ಟು ತಣ್ಣಗಾಗುತ್ತಿತ್ತೋ ಏನೋ. ಬೈದುಕೊಳ್ಳಲು ಒಂದು ಕಾರಣವಾದರೂ ಸಿಗುತ್ತಿತ್ತು. ತಿರುಗಿ ಬಂದವಳೇ ಅಂಗಿ ತೊಟ್ಟು ಮಾಳಿಗೆ ಹತ್ತಿದಳು. ನಾನು ನನ್ನ ಪಡಸಾಲೆಯಲ್ಲಿ ಗಿಳಿಗಳ ಎದುರು ಕೂತು ಸುಮ್ಮನೆ ಉರಿದುಕೊಂಡೆ.

ಇಷ್ಟೆಲ್ಲ ನಾನು ನುಂಗಿಕೊಂಡಿದ್ದೆ. ನುಂಗಲಾಗದೇ ಹೋದದ್ದು ಮಗಳ ವಿಷಯ.

ನನಗೆ ಒಬ್ಬಳೇ ಮಗಳು. ಅವಳನ್ನು ಅಫಜಲಪುರಕ್ಕೆ ಕೊಟ್ಟಿದ್ದೇವೆ. ಅಳಿಯನಿಗೆ ಅಲ್ಲಿ ಬೀಜ ಗೊಬ್ಬರದ ಅಂಗಡಿ ಇದೆ. ಚಿಕ್ಕವಳಿದ್ದಾಗಿನಿಂದ ಅವಳಿಗೆ ದೊಡ್ಡವ್ವನ ಮಾಳಿಗೆ ಎಂದರೆ ಊಟ ಬೇಡ, ನಿದ್ದೆ ಬೇಡ. ನಾನು ಕರೆದು ಕೂರಿಸಿ ಮಣಿ ಪೋಣಿಸಲು ಕಲಿಸಿದರೆ ಆಕಳಿಸುತ್ತಿದ್ದಳು. ಅಲ್ಲಿ ಹೋಗಿ ಡಾಂಬರು ಮೆತ್ತಿಕೊಂಡು ಬರುತ್ತಿದ್ದಳು. ಸೀಮೆಎಣ್ಣೆ ಹಚ್ಚಿ ಆ ಕೈಗಳನ್ನು ತಿಕ್ಕಿ ತೊಳೆದವಳು ನಾನು.

ಅವಳು ಬಸುರಿ ಎಂದು ತಿಳಿದ ದಿನವೇ ನಾನು ಕಲಬುರಗಿಯಿಂದ ನೀಲಿ ಮಖಮಲ್ಲು ತರಿಸಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಅಂದರೆ ತೊಟ್ಟಿಲು ಕಟ್ಟುವುದು ನನ್ನ ಪಡಸಾಲೆಯ ತೊಲೆಗೆ. ತೊಟ್ಟಿಲ ಮುಂದಿನ ಗೋಡೆಗೆ ನಾನು ಎರಡು ನವಿಲು ಮಾಡುವುದು ಎಂದು ನಿಶ್ಚಯ ಮಾಡಿದೆ. ನನ್ನ ಮೊಮ್ಮಗು ಕಣ್ಣು ಬಿಟ್ಟು ಮೊದಲು ನೋಡುವುದು ನನ್ನ ಕೈಕೆಲಸ ಆಗಬೇಕು. ಕಲಬುರಗಿಯ ಗೋಡೆ ಅವಳಿಗಿರಲಿ, ಈ ಒಂದು ಗೋಡೆ ನನ್ನದು. ಕಣ್ಣು ಮಂಜಾಗುವ ತನಕ ಕೂತು ಮಣಿ ಹಚ್ಚಿದೆ. ಒಂದೊಂದು ಗರಿಗೆ ಒಂದೊಂದು ವಾರ ಹಿಡಿಯಿತು.

ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಮುಗಿದ ಮೇಲೆ ಒಂದು ಮಧ್ಯಾಹ್ನ ಮಗಳು ವಿಡಿಯೊ ಕಾಲ್ ಮಾಡಿದಳು. ನಾನೂ ನೆಗೆಣ್ಣಿಯೂ ಅಂಗಳದಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದೆವು. ನನ್ನ ಸಂಗಡ ಎರಡು ಮಾತಾಡಿ, ದೊಡ್ಡವ್ವನಿಗೆ ಕೊಡು ಎಂದಳು. ಕೊಟ್ಟೆ. ಆ ಮಾತು ನನಗೆ ನೆಟ್ಟಗೆ ಕೇಳಿಸಿತು.

"ದೊಡ್ಡವ್ವ, ನನ್ನ ಕೂಸಿನ ತೊಟ್ಟಿಲ ಮುಂದ ನೀ ಮಾಡಿದ್ದ ಒಂದು ಬೇಕ್ ನೋಡು. ನಾ ಬರೂದ್ರಾಗ ಮಾಡಿಡು."

ಇವಳು ಹೂಂ ಎಂದಳು. ನಾನು ಮೊರದಲ್ಲಿದ್ದ ಬೇಳೆಯನ್ನು ಮತ್ತೆ ಮತ್ತೆ ಅಲ್ಲೇ ಕೇರಿದೆ. ನವಿಲಿನ ವಿಷಯ ಮಗಳಿಗೆ ಗೊತ್ತಿತ್ತು. ಪ್ರತಿ ವಾರ ಫೋಟೊ ಕಳಿಸುತ್ತಿದ್ದೆ, ಅವಳು ಹೆಬ್ಬೆರಳು ಎತ್ತಿದ ಚಿತ್ರ ಕಳಿಸುತ್ತಿದ್ದಳು. ಆ ಹೆಬ್ಬೆರಳಿನ ಅರ್ಥ ನನಗೆ ಅಂದು ಆಯಿತು.

ಮಾಳಿಗೆಯ ಮೇಲೆ ಕೆಲಸ ಶುರುವಾಯಿತು. ನಾನು ನೋಡಲೇಬಾರದೆಂದು ಆಣೆ ಹಾಕಿಕೊಂಡೆ. ಆದರೆ ನನ್ನ ಕಾಲು ನನ್ನ ಮಾತು ಕೇಳಬೇಕಲ್ಲ. ಹಪ್ಪಳ ಒಣಹಾಕುವ ನೆವ, ಮೆಣಸಿನಕಾಯಿ ತಿರುವುವ ನೆವ, ದಿನಕ್ಕೊಂದು ನೆವ ಮಾಡಿ ಹತ್ತಿದೆ. ಈ ಸಲ ಅವಳು ದೊಡ್ಡ ಫ್ಲೆಕ್ಸಿನ ಬೆನ್ನು ಹಾಸಿದ್ದಳು. ಬರಬರುತ್ತಾ ನನಗೆ ಒಂದೊಂದೇ ಗುರುತು ಸಿಕ್ಕತೊಡಗಿತು. ಆ ಹಸಿರು ಹೋಳು ನನ್ನ ಗಂಡನ ಹಳೆಯ ಗಾಡಿಯ ಸೀಟಿನ ರೆಕ್ಸಿನ್. ಆ ಬೆಳ್ಳಿಯ ಬಣ್ಣದ ಸಾಲು ತೀರಿಹೋದ ನಮ್ಮ ಅತ್ತೆಯ ಬಿ.ಪಿ. ಗುಳಿಗೆಯ ಹಾಳೆ. ಭಾವನ ಹರಿದ ಚಪ್ಪಲಿಯ ಅಟ್ಟೆ, ಮಗಳು ಒಡೆದು ಬೈಸಿಕೊಂಡಿದ್ದ ಪಿಂಗಾಣಿಯ ಚೂರು, ಅಳಿಯ ಬಂದಾಗ ಕುಡಿದು ಬಿಟ್ಟ ಬಾಟಲಿಯ ಮುಚ್ಚಳ, ಪಕ್ಕದ ಮನೆಯವರ ಮುರಿದ ಚಹಾ ಸೋಸುವ ಜಾಳಿಗೆ. ಮನೆ ಮಂದಿಯೆಲ್ಲ ಅದರಲ್ಲಿದ್ದರು. ಪಕ್ಕದ ಮನೆಯವರೂ ಇದ್ದರು.

ನಾನು ನನ್ನನ್ನು ಹುಡುಕಿದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ, ಗೋಧಿಯಲ್ಲಿ ಹರಳು ಹುಡುಕಿದ ಹಾಗೆ. ನನ್ನದು ಒಂದು ಎಳೆ ದಾರ ಕೂಡ ಇರಲಿಲ್ಲ. ಗೋಡೆ ನನ್ನದು, ತೊಟ್ಟಿಲು ಕಟ್ಟುವ ತೊಲೆ ನನ್ನದು, ಹೆರುವವಳು ನನ್ನ ಮಗಳು. ಆ ಚಿತ್ರದಲ್ಲಿ ಊರಿಗೆಲ್ಲ ಜಾಗ ಇದೆ, ನನಗೆ ಮಾತ್ರ ಇಲ್ಲ. ಅಲ್ಲಿಯವರೆಗೆ ಅವಳ ಚಿತ್ರ ಆ ಗೋಡೆಗೆ ಬರಬಾರದೆಂದು ಉರಿಯುತ್ತಿದ್ದವಳು, ಆ ಗಳಿಗೆಯಿಂದ ಅದರಲ್ಲಿ ನಾನಿಲ್ಲವೆಂದು ಉರಿಯತೊಡಗಿದೆ. ಇದು ಮೊದಲಿನದಕ್ಕಿಂತ ಜೋರಾಗಿತ್ತು. ಮೆಣಸಿನಕಾಯಿಯ ಮೊರ ಅಲ್ಲೇ ಬಿಸಾಕಿ ಕೇಳಿಯೇ ಬಿಟ್ಟೆ.

"ಯಕ್ಕಾ, ಇದರಾಗ ಊರ ಮಂದಿದೆಲ್ಲ ಅದ. ನಂದ್ಯಾಕ ಇಲ್ಲ?"

ಅವಳು ದಬ್ಬಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನನ್ನ ಮುಖ ನೋಡಿದಳು. ಸಿಟ್ಟಿಲ್ಲ, ನಗುವೂ ಇಲ್ಲ.

"ನೀ ಯಾವತ್ತರ ಏನರ ಒಗದೀ ಏನ್ ಬೇ? ಒಗದಿದ್ರ ಹೇಳು, ಹಾಕ್ತೇನಿ."

ಯೋಚಿಸಿದೆ. ಎಷ್ಟು ಯೋಚಿಸಿದರೂ ನಾನು ಎಸೆದ ಒಂದು ವಸ್ತು ನೆನಪಿಗೆ ಬರಲಿಲ್ಲ. ನನ್ನ ಕೈಯಿಂದ ತಿಪ್ಪೆಗೆ ಹೋಗುವುದು ಒಲೆಯ ಬೂದಿ, ಕಾಯಿಪಲ್ಲೆಯ ಸಿಪ್ಪೆ, ಅಷ್ಟೇ. ಸರಿ, ಅದಕ್ಕೇನು ಮಹಾ, ಎಸೆದರಾಯಿತು ಎಂದುಕೊಂಡು ಕೆಳಗಿಳಿದೆ.

ಮರುದಿನ ಸಂದೂಕ ತೆಗೆದು ಒಂದು ಹಳೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿದೆ. ಕೆಂಪು ಚೆನ್ನಾಗಿತ್ತು, ಎದ್ದು ಕಾಣುತ್ತಿತ್ತು. ಅದನ್ನು ಒಯ್ದು ತಿಪ್ಪೆಯ ಮೇಲೆ, ಅವಳು ಬರುವ ದಾರಿಗೆ ಕಾಣುವಂತೆ, ಸೆಗಣಿ ತಾಗದಂತೆ ಹಾಕಿ ಬಂದು ಹಿತ್ತಲ ಬಾಗಿಲ ಸಂದಿಯಲ್ಲಿ ನಿಂತೆ. ಅವಳು ಬುಟ್ಟಿ ಹಿಡಿದು ಬಂದಳು. ಸೆರಗನ್ನು ನೋಡಿದಳು. ಎತ್ತಿದಳು, ಝಾಡಿಸಿದಳು, ಮಡಚಿದಳು. ಅವಳು ನೆಟ್ಟಗೆ ನಮ್ಮ ಬಾಗಿಲಿಗೆ ಬಂದು ಅದನ್ನು ನನ್ನ ಕೈಗಿಟ್ಟು, ಬಿದ್ದಿತ್ತು ನೋಡು ಎಂದು ಹೋದಳು.

ಮತ್ತೊಂದು ದಿನ ಒಡೆದ ಬಳೆಗಳನ್ನು ಹಾಕಿದೆ. ಅವುಗಳನ್ನು ಮುಟ್ಟದೆ ಸುತ್ತು ಹಾಕಿ ನಡೆದಳು. ಇನ್ನೊಂದು ದಿನ ಚಮಕಿಯ ಪೊಟ್ಟಣ, ಅದೂ ತಿರುಗಿ ಬಂತು. ಆಮೇಲೆ ನಾನು ಜಾಣತನ ಮಾಡಿದೆ. ಒಂದು ಹಳೆಯ ಹಣಿಗೆಯನ್ನು ಬೂದಿಯಲ್ಲಿ ಅರ್ಧ ಹೂತು, ಮೇಲೆ ಬದನೆಕಾಯಿಯ ತೊಟ್ಟು ಚೆಲ್ಲಿ, ಅಪ್ಪಟ ಕಸದಂತೆ ಕಾಣಿಸಿದೆ. ಅವಳು ಅದರ ಮುಂದೆ ಕುಕ್ಕರಿಸಿ ಕೂತು ಬಹಳ ಹೊತ್ತು ನೋಡಿದಳು. ನಾನು ಸಂದಿಯಲ್ಲಿ ನಿಂತದ್ದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ಕಾಣುತ್ತದೆ, ಬಾಗಿಲ ಕಡೆ ತಿರುಗಿಯೇ ಹೇಳಿದಳು.

"ಇದು ನೀ ಒಗದದ್ದಲ್ಲ ಬೇ. ಇಟ್ಟದ್ದು."

ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತ್ತು ಅಂದು. ಇವಳ್ಯಾರು ನಾನು ಎಸೆದದ್ದನ್ನು ಎಸೆದದ್ದಲ್ಲ ಅನ್ನಲು? ನನ್ನ ಕಸ, ನನ್ನ ಕೈ. ಕಸಕ್ಕೂ ಇವಳ ಅಪ್ಪಣೆ ಬೇಕೇ? ಎರಡು ದಿನ ನಾನು ಅವಳನ್ನು ಮಾತಾಡಿಸಲಿಲ್ಲ. ಅವಳಿಗೆ ಅದು ಗೊತ್ತಾಗಲೇ ಇಲ್ಲ, ಅದು ಇನ್ನೂ ಸಂಕಟ.

ಮಗಳು ಹೆರಿಗೆಗೆ ಬಂದಳು. ನವಿಲುಗಳನ್ನು ಮಂಚದ ಮೇಲೆ ಹಾಸಿ ತೋರಿಸಿದೆ. ಕೈ ತಾಗಿಸಿ ನೋಡಿ, ಎಷ್ಟು ಕಷ್ಟಪಟ್ಟಿದ್ದೀ ಅವ್ವಾ ಎಂದಳು. ಕಷ್ಟವನ್ನು ಹೊಗಳಿದಳು, ನವಿಲನ್ನಲ್ಲ. ಆಮೇಲೆ ಮೆತ್ತಗೆ, ಇದನ್ನು ಶೋಕೇಸಿನಲ್ಲಿಡೋಣ, ಗೋಡೆಗೆ ಹಾಕಿದರೆ ಧೂಳು ಕೂರುತ್ತದೆ ಎಂದಳು. ಧೂಳಿನ ಮಾತು ನನ್ನದೇ. ನನ್ನ ಮಾತನ್ನೇ ತಿರುಗಿಸಿ ನನ್ನ ನವಿಲಿಗೆ ಜಾಗ ತೋರಿಸಿದಳು. ಹೊಟ್ಟೆ ಹೊತ್ತವಳ ಮೇಲೆ ಸಿಟ್ಟು ಮಾಡಬಾರದೆಂದು ನವಿಲುಗಳನ್ನು ಮಡಚಿ ಎತ್ತಿಟ್ಟೆ. ಅವಳು ಉಸಿರು ಬಿಡುತ್ತಾ ಒಂದೊಂದೇ ಮೆಟ್ಟಿಲು ಹತ್ತಿ ದೊಡ್ಡವ್ವನ ಮಾಳಿಗೆಗೆ ಹೋದಳು. ಅಲ್ಲಿಂದ ಅವರಿಬ್ಬರ ನಗು ಕೇಳಿಸಿತು.

ಹೆಣ್ಣುಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಆರಾಮಾಗಿ ಮನೆಗೆ ಬಂದರು. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂತು. ಕುಂಚಿಗೆ ತೆಗೆಯಲೆಂದು ಮಧ್ಯಾಹ್ನ ಸಂದೂಕ ತೆರೆದಾಗ ಕೈಗೆ ಸಿಕ್ಕದ್ದು ಆ ತಗಡಿನ ಡಬ್ಬಿ. ಎಷ್ಟೋ ವರ್ಷದ ಮೇಲೆ ಅದರ ಮುಚ್ಚಳ ಎತ್ತಿದೆ. ಬಿಲ್ಲೆಗಳು ಬಿರುಕು ಬಿಟ್ಟಿದ್ದವು, ಬ್ರಷ್ಷಿನ ಕೂದಲನ್ನು ಹುಳ ತಿಂದಿತ್ತು. ಆದರೆ ಬಣ್ಣ ಬಣ್ಣವೇ. ಒಳ್ಳೆಯ ದಿನಕ್ಕೆ ಎಂದು ಇಟ್ಟದ್ದು, ಮೊಮ್ಮಗಳ ತೊಟ್ಟಿಲಿಗಿಂತ ಒಳ್ಳೆಯ ದಿನ ಯಾವುದು? ಇವತ್ತು ಒಂದು ಚಿತ್ರ ಬರೆಯುತ್ತೇನೆ, ಯಾರನ್ನೂ ನೋಡಿ ಬರೆಯುವುದಿಲ್ಲ, ನನ್ನದೇ ಒಂದು ಬರೆಯುತ್ತೇನೆ ಎಂದು ಹಟ ಬಂತು. ಕಡ್ಡಿಗೆ ಹತ್ತಿ ಸುತ್ತಿದೆ. ಬಾಗಿಲು ಹಾಕಿಕೊಂಡು ಬಿಳಿ ಹಾಳೆ ಮುಂದಿಟ್ಟು ಕೂತೆ. ನೀಲಿ ಬಿಲ್ಲೆಯ ಮೇಲೆ ನೀರು ಬಿಟ್ಟೆ. ಬಣ್ಣ ಬಿಟ್ಟುಕೊಂಡಿತು.

ಕೈ ಹಾಳೆಯ ಮೇಲೆ ಹೋಯಿತು. ಹೋಗಿ ನವಿಲಿನ ಕತ್ತು ಎಳೆಯಿತು. ಹಾಳೆ ತಿರುಗಿಸಿದೆ. ಗುಲಾಬಿ ಬಂತು. ಇನ್ನೊಂದು ಹಾಳೆ ತೆಗೆದೆ. ರಂಗೋಲಿಯ ಕಮಲ ಬಂತು, ಎಂಟು ಎಸಳು, ಒಂದಕ್ಕೊಂದು ಸರಿಸಮ. ಮಗಳನ್ನು ನೆನೆದೆ, ಕೂಸಿನ ಮುಖ ನೆನೆದೆ, ಆಳಂದದ ನಮ್ಮ ಓಣಿ ನೆನೆದೆ. ಕೈ ಯಾವುದನ್ನೂ ಕೇಳಲಿಲ್ಲ. ಅದಕ್ಕೆ ಬರುವುದು ಅವೇ ಮೂರು ನಾಲ್ಕು ಚಿತ್ರ. ಡ್ರಾಯಿಂಗ್ ಸರ್ ಹೊಗಳಿದ ಕೈ ಇದೇ. ಅಪ್ಪ ಕಳಿಸಿದ್ದರೆ ಕಲಿಯುತ್ತಿತ್ತೋ, ಕಳಿಸಿದ್ದರೂ ಇಷ್ಟೇ ಇತ್ತೋ, ಈಗ ಯಾರನ್ನು ಕೇಳುವುದು? ಅಲ್ಲಿ ಮೇಲೆ ಆ ಹೆಂಗಸು, ನೆಟ್ಟಗೆ ಗೆರೆ ಬಾರದವಳು, ಒಂದೊಂದು ದಿನಕ್ಕೆ ಒಂದೊಂದು ಮುಖ ಹುಡುಕಿ ಇಡುತ್ತಾಳೆ. ಅಳು ಬರಲಿಲ್ಲ ನನಗೆ, ಕೆಂಡದಂಥ ಸಿಟ್ಟು ಬಂತು. ಅವಳ ಮೇಲೆ, ಅಪ್ಪನ ಮೇಲೆ, ಎಲ್ಲಕ್ಕಿಂತ ಹೆಚ್ಚು ಆ ಡಬ್ಬಿಯ ಮೇಲೆ. ಎದ್ದೆ, ಹಿತ್ತಲ ಬಾಗಿಲು ತೆಗೆದೆ, ತೋಳು ಬೀಸಿ ಎಸೆದೆ. ಎಲ್ಲಿ ಬಿತ್ತೋ ನೋಡಲಿಲ್ಲ. ಬಾಗಿಲು ಹಾಕಿ ಬಂದು ಹಿಟ್ಟು ನಾದಿದೆ. ಸಂಜೆ ರೊಟ್ಟಿ ಬಡಿಯುವಾಗ ನನ್ನ ಗಂಡ, ಇವತ್ತು ಬಡಿಯುವ ಕಲ್ಲೇ ಒಡೆಯುತ್ತದೆ ಎಂದರು.

ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಂಗಸರೆಲ್ಲ ಬಂದರು. ಬೆಳಿಗ್ಗೆಯೇ ಭಾವ ಮತ್ತು ನನ್ನ ಗಂಡ ಏಣಿ ಇಟ್ಟು ಚಿತ್ರವನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದರು. ನಾನು ಆ ಕಡೆ ಬೆನ್ನು ಹಾಕಿಯೇ ಓಡಾಡಿದೆ. ಬೇಯಿಸಿದ ಕಾಳಿನ ಗುಗ್ಗರಿ ಹಂಚಿದೆ, ಅರಿಷಿಣ ಕುಂಕುಮ ಕೊಟ್ಟೆ. ಶಾಸ್ತ್ರದಂತೆ ಕೂಸನ್ನು ತೊಟ್ಟಿಲ ಕೆಳಗಿನಿಂದ ಮೇಲಕ್ಕೆ ದಾಟಿಸುವಾಗ ಈ ಕಡೆ ನಾನು, ಆ ಕಡೆ ಅವಳು. ಅವಳ ಕೈಯಿಂದ ಕೂಸನ್ನು ತೆಗೆದುಕೊಳ್ಳುವಾಗ ಅವಳ ಉಗುರು ಕಂಡಿತು. ಉಗುರಿನ ಸಂದಿಯಲ್ಲೆಲ್ಲ ನೀಲಿ.

ಆ ನೀಲಿ ನನಗೆ ಗೊತ್ತು. ತಲೆ ಎತ್ತಿ ಗೋಡೆ ನೋಡಿದೆ.

ಕೆಳಗಿನ ಎಡಮೂಲೆಯಲ್ಲಿ, ಎಲ್ಲರ ಕಸ ಮುಗಿಯುವಲ್ಲಿ, ನನ್ನ ಡಬ್ಬಿಯ ಮುಚ್ಚಳ ಇತ್ತು. ನಾನು ಎಸೆದಾಗ ಕಲ್ಲಿಗೆ ಬಡಿದು ನೆಗ್ಗಿದ್ದು ಹಾಗೆಯೇ ಇತ್ತು. ಅದರ ಕೆಳಗಿನಿಂದ ಬಣ್ಣ ಹರಿದಿತ್ತು. ಬಿಲ್ಲೆಗಳನ್ನೆಲ್ಲ ಅರೆದು, ಒಂದನ್ನೂ ಉಳಿಸದೆ, ಒಮ್ಮೆಗೇ ಸುರಿದುಬಿಟ್ಟಿದ್ದಳು. ಡಾಂಬರು, ಸುಣ್ಣ, ಸುಟ್ಟೆಣ್ಣೆಯ ಆ ಚಿತ್ರದಲ್ಲಿ ಅಂಗಡಿಯ ಬಣ್ಣ ಎಂದರೆ ಅದೊಂದೇ. ನಾನು ಇಷ್ಟು ವರ್ಷ ಬೀಗ ಹಾಕಿ ಇಟ್ಟ ನೀಲಿ, ಒಂದು ಬೆರಳು ಮುಟ್ಟದ ಕೆಂಪು. ಮೂಲೆಯಲ್ಲಿ ಧಗಧಗ ಎನ್ನುತ್ತಿತ್ತು. ಚೆಂದ ಇತ್ತು. ದೇವರಾಣೆಗೂ ಚೆಂದ ಇತ್ತು, ಅದಕ್ಕೇ ನನಗೆ ತಡೆಯಲಾಗಲಿಲ್ಲ.

ಹೆಂಗಸರು ಜೋಗುಳ ಶುರು ಮಾಡಿದ್ದರು. ಅದರ ಗದ್ದಲದಲ್ಲಿ ಅವಳ ಕಿವಿಯ ಹತ್ತಿರ ಹೋಗಿ, ನನ್ನನ್ನ ಒಂದ ಮಾತು ಕೇಳಬೇಕಿತ್ತಲ್ಲ ಎಂದೆ.

"ಯಾಕ ಕೇಳ್ಲಿ ಬೇ," ಎಂದಳು. "ಈ ಸಲ ಖರೇನ ಒಗದಿದ್ದಿ."

ಮಗಳು ಮಂಚದ ಮೇಲೆ ಕೂತಲ್ಲಿಂದಲೇ ಗೋಡೆ ನೋಡುತ್ತಿದ್ದಳು. ಆ ಮೂಲೆಯ ಬಣ್ಣ ಎಲ್ಲಿ ಸಿಕ್ಕಿತು ದೊಡ್ಡವ್ವ ಎಂದು ಕೇಳಿದಳು. ಇವಳು ಗಲ್ಲ ಎತ್ತಿ ನನ್ನ ಕಡೆ ತೋರಿಸಿದಳು. ಮಗಳು ನನ್ನನ್ನು ನೋಡಿದಳು. ನನ್ನ ಯಾವ ತೋರಣವನ್ನೂ, ಯಾವ ಗಿಳಿಯನ್ನೂ ಅವಳು ಹಾಗೆ ನೋಡಿರಲಿಲ್ಲ. ನಾನು ಗುಗ್ಗರಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ, ಒಲೆಯ ಮುಂದೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡೆ.

ಇದರಿಂದ ನನ್ನ ಹೊಟ್ಟೆಕಿಚ್ಚು ಆರಿತೆಂದು ಯಾರಾದರೂ ತಿಳಿದರೆ ಅದು ತಪ್ಪು. ನಾನು ಇಡೀ ಆಯುಷ್ಯ ಖರ್ಚು ಮಾಡಲು ಹೆದರಿದ್ದನ್ನು ಅವಳು ಒಂದು ಮಧ್ಯಾಹ್ನ ಖರ್ಚು ಮಾಡಿದಳು. ಮಾಡಿ ಕೈ ತೊಳೆದುಕೊಂಡು ರೊಟ್ಟಿ ತಿಂದಳು. ನೆನೆಸಿಕೊಂಡರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಈ ಚಿತ್ರ ಯಾವ ವಾರ ಎಂದು ನಾನು ಇನ್ನೂ ಕೇಳಿಲ್ಲ. ಕೇಳುವುದೂ ಇಲ್ಲ.

ಕೂಸು ಈಗ ಗೋಡೆ ನೋಡುವಷ್ಟಾಗಿದೆ. ತೊಟ್ಟಿಲಲ್ಲಿ ಕಣ್ಣು ಬಿಟ್ಟು ಮಲಗಿದರೆ ಅದಕ್ಕೆ ನೇರ ಕಾಣುವುದು ನಡುವಿನ ಡಾಂಬರು ಮತ್ತು ಅತ್ತೆಯ ಗುಳಿಗೆಯ ಬೆಳ್ಳಿ ಹಾಳೆ. ಮಿರಿಮಿರಿ ಮಿಂಚುತ್ತದಲ್ಲ, ಅದನ್ನೇ ನೋಡಿ ಕೈಕಾಲು ಬಡಿಯುತ್ತದೆ. ನಾನು ದಿನಾ ಬೆಳಿಗ್ಗೆ ಎಣ್ಣೆ ನೀರು ಮುಗಿಸಿ ಮಲಗಿಸುವಾಗ ತಲೆದಿಂಬನ್ನು ಒಂದಿಷ್ಟು ಓರೆ ಮಾಡಿ, ಮುಖ ಎಡಮೂಲೆಗೆ ಬರುವಂತೆ ಮಲಗಿಸುತ್ತೇನೆ. ಸಂಜೆ ಅವಳು ಬರುತ್ತಾಳೆ, ಕೂಸನ್ನು ಎತ್ತಿ ಆಡಿಸುತ್ತಾಳೆ, ತಿರುಗಿ ಮಲಗಿಸುವಾಗ ದಿಂಬನ್ನು ನೆಟ್ಟಗೆ ಮಾಡಿ ಹೋಗುತ್ತಾಳೆ. ಬೇಕೆಂದು ಮಾಡುವುದಿಲ್ಲ ಎಂದು ನನಗೂ ಗೊತ್ತು. ಅವಳು ಹೊಸ್ತಿಲು ದಾಟುವ ತನಕ ಕಾಯುತ್ತೇನೆ, ಆಮೇಲೆ ಹೋಗಿ ಮತ್ತೆ ಓರೆ ಮಾಡುತ್ತೇನೆ.